ಟ್ಯಾಂಕಿನ ಕಂಬಕ್ಕೂ ಕೊಳೆರೋಗ ಬಂತಾ?

ನಮ್ಮೂರಿನ ನೀರಿನ ಟ್ಯಾಂಕಿನ ಕೆಳಗೆ ಕ್ರಿಕೆಟ್ ಆಡಿ ಬೆಳೆದವರು ನಾವು. ಮೂರನೇ ಕಂಬವೇ ನಮ್ಮ ವಿಕೆಟ್. ಎರಡು ವರ್ಷದ ಹಿಂದೆ ಅದೇ ಕಂಬದಿಂದ ಅಂಗೈ ಅಗಲದ ಕಾಂಕ್ರೀಟ್ ಚಕ್ಕೆ ಕಳಚಿ ಬಿತ್ತು. ಒಳಗಿನ ಸರಳು ತುಕ್ಕು ಹಿಡಿದು ಕೆಂಪಾಗಿತ್ತು. ಊರಿನವರು ದೂರು ಕೊಟ್ಟರು. ವಾರದೊಳಗೆ ಗಾರೆಯವರು ಬಂದು ಸಿಮೆಂಟ್ ಮೆತ್ತಿದರು, ಎಂಟೂ ಕಂಬಕ್ಕೆ ನೀಲಿ ಬಣ್ಣ ಬಳಿದರು. ಆಗಷ್ಟೇ ಪತ್ರಿಕೋದ್ಯಮ ಓದಿ ಬಂದಿದ್ದ ನಾವು ಫೋಟೊ ಹೊಡೆದು, ‘ಟ್ಯಾಂಕ್ ದುರಸ್ತಿ: ಗ್ರಾಮಸ್ಥರು ನಿರಾಳ’ ಎಂದು ಬರೆದೆವು.

ಆ ಸುದ್ದಿ ತಪ್ಪಾಗಿತ್ತೆಂದು ಗೊತ್ತಾಗಿದ್ದು ಕಳೆದ ಬೇಸಿಗೆಯಲ್ಲಿ. ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಗೆಳತಿಯೊಬ್ಬಳು ಪಂಚಾಯಿತಿಯ ಒಪ್ಪಿಗೆ ಪಡೆದು, ತನ್ನ ಮೇಷ್ಟ್ರನ್ನೂ ಸಹಪಾಠಿಗಳನ್ನೂ ಕರೆತಂದಳು. ಅವರು ಮೊದಲು ಮಾಡಿದ ಕೆಲಸವೇ ನಾವು ಫೋಟೊ ಹೊಡೆದಿದ್ದ ಆ ಬಣ್ಣವನ್ನು ಅಲ್ಲಲ್ಲಿ ಕೆರೆದು ತೆಗೆದದ್ದು. ಬಣ್ಣವಿದ್ದರೆ ಅಳತೆ ಸರಿಯಾಗಿ ಸಿಗುವುದಿಲ್ಲವಂತೆ.

ಆಮೇಲೆ ಕಂಬವನ್ನು ಒದ್ದೆ ಮಾಡಿದರು. ಒಂದೇ ಕಡೆ ಸಣ್ಣದಾಗಿ ಕೊರೆದು, ಸರಳಿಗೆ ವೈರ್ ಸಿಕ್ಕಿಸಿ ಮೀಟರಿಗೆ ಜೋಡಿಸಿದರು. ಮೀಟರಿನ ಇನ್ನೊಂದು ವೈರ್ ಒಂದು ಕೊಳವೆಗೆ. ಅದರೊಳಗೆ ತಾಮ್ರದ ಕಡ್ಡಿ, ಸುತ್ತ ನೀಲಿ ನೀರು, ತುದಿಯಲ್ಲಿ ಒದ್ದೆ ಸ್ಪಂಜು. ನೋಡುತ್ತ ನಿಂತಿದ್ದ ಅಡಿಕೆ ತೋಟದ ಅಜ್ಜ ಕೇಳಿಯೇಬಿಟ್ಟರು:

“ಇದು ಮೈಲುತುತ್ತು ಅಲ್ವನೇ ತಂಗಿ? ಕಂಬಕ್ಕೂ ಕೊಳೆರೋಗ ಬಂತಾ?”

“ಮೈಲುತುತ್ತೇ ಅಜ್ಜ. ಇದು ಔಷಧಿಗಲ್ಲ, ರೋಗ ಹುಡುಕೋದಕ್ಕೆ” ಎಂದಳು.

ವಿಷಯ ಇಷ್ಟು. ಸಿಮೆಂಟಿನ ಕ್ಷಾರಗುಣ ಇರುವವರೆಗೆ ಒಳಗಿನ ಸರಳಿಗೆ ತುಕ್ಕು ಹಿಡಿಯುವುದಿಲ್ಲ. ಕಡಲಿನ ಉಪ್ಪು ಒಳಗಿಳಿದರೆ ಆ ರಕ್ಷಣೆ ಹೋಗುತ್ತದೆ. ನಮ್ಮೂರಿಗೆ ಕಡಲು ಎರಡೇ ಕಿಲೋಮೀಟರ್. ತುಕ್ಕು ಹಿಡಿಯುವುದೆಂದರೆ ಟಾರ್ಚಿನ ಸೆಲ್ಲಿನಲ್ಲಿ ಆಗುವಂಥದ್ದೇ ಕ್ರಿಯೆ, ಸಣ್ಣ ವಿದ್ಯುತ್ ಹರಿಯುತ್ತದೆ. ಆದ್ದರಿಂದ ಕಂಬ ಒಡೆಯದೆ, ಮೇಲಿನಿಂದಲೇ ಮೀಟರಿನಲ್ಲಿ ಅದರ ಸುಳಿವು ಹಿಡಿಯಬಹುದು. ಇದಕ್ಕೆ ಹಾಫ್ ಸೆಲ್ ಪರೀಕ್ಷೆ ಎನ್ನುತ್ತಾರೆ.

ಲೆಕ್ಕ ಸಾಲದ ಲೆಕ್ಕದಂತೆ. ಮೈನಸ್ ಹೆಚ್ಚಾದಷ್ಟೂ ಕಷ್ಟ. ಮೈನಸ್ 200 ಮಿಲಿವೋಲ್ಟ್‌ನೊಳಗಿದ್ದರೆ ತುಕ್ಕು ಇಲ್ಲದಿರುವ ಸಾಧ್ಯತೆ ಶೇ 90ಕ್ಕಿಂತ ಹೆಚ್ಚು. ಮೈನಸ್ 350 ದಾಟಿದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇ 90ಕ್ಕಿಂತ ಹೆಚ್ಚು. ನಡುವಿದ್ದರೆ ಖಚಿತವಾಗಿ ಹೇಳಲಾಗದು.

ಒಂದನೇ ಕಂಬದಲ್ಲಿ ಮೈನಸ್ 140. ಮೂರನೆಯದರಲ್ಲಿ ಮೈನಸ್ 430. ಅದನ್ನು ನಾವು ನಿರೀಕ್ಷಿಸಿದ್ದೆವು. ಒಂದು ಬಿರುಕೂ ಇಲ್ಲದ ಆರನೇ ಕಂಬದಲ್ಲಿ ಮೈನಸ್ 390 ಬಂದಾಗ ಎಲ್ಲರೂ ಸುಮ್ಮನಾದರು.

ಇನ್ನೊಂದು ಉಪಕರಣಕ್ಕೆ ಸಾಲಾಗಿ ನಾಲ್ಕು ಮೊಳೆ. ಹೊರಗಿನ ಎರಡರಿಂದ ವಿದ್ಯುತ್ ಬಿಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜ್ ನೋಡುವುದು. ಬೋರ್‌ವೆಲ್ ಪಾಯಿಂಟ್ ನೋಡುವ ಭೂವಿಜ್ಞಾನಿಗಳು ತೋಟದಲ್ಲಿ ನಾಲ್ಕು ಗೂಟ ಹೊಡೆಯುವುದೂ ಇದೇ ತತ್ವದಿಂದ. ಅಮೆರಿಕದ ಫ್ರಾಂಕ್ ವೆನ್ನರ್ ನೂರು ವರ್ಷಕ್ಕೂ ಹಿಂದೆ ಮಣ್ಣಿಗಾಗಿ ರೂಪಿಸಿದ ವಿಧಾನ ಅದು. ಕಾಂಕ್ರೀಟ್ ವಿದ್ಯುತ್ತಿಗೆ ಸುಲಭವಾಗಿ ದಾರಿ ಬಿಟ್ಟರೆ ಅದರಲ್ಲಿ ತೇವವೋ ಉಪ್ಪೋ ಹೆಚ್ಚಿದೆ, ತುಕ್ಕು ಬೇಗ ಹಬ್ಬಬಹುದು ಎಂದರ್ಥ. ಆರನೇ ಕಂಬ ಸುಲಭವಾಗಿಯೇ ಬಿಟ್ಟಿತು.

“ಸರಳು ಎಷ್ಟು ಸವೆದಿದೆ ಅಂತ ಮೀಟರ್ ಹೇಳೋದಿಲ್ಲ. ಎಲ್ಲಿ ತೆರೆದು ನೋಡಬೇಕು ಅಂತ ಹೇಳುತ್ತೆ, ಅಷ್ಟೇ” ಎಂದರು ಮೇಷ್ಟ್ರು. ಟ್ಯಾಂಕ್ ಖಾಲಿ ಮಾಡಿಸಿ ಆರನೇ ಕಂಬವನ್ನು ಆ ಜಾಗದಲ್ಲಿ ತೆರೆದರು. ಹೆಬ್ಬೆರಳಿನ ದಪ್ಪ ಇರಬೇಕಿದ್ದ ಸರಳು ಅಲ್ಲಿ ಕಿರುಬೆರಳಿನಷ್ಟಾಗಿತ್ತು.

ಅಂದಿನಿಂದ ಟ್ಯಾಂಕಿಗೆ ನೀರು ತುಂಬಿಸುತ್ತಿಲ್ಲ. ಸುತ್ತ ಬೇಲಿ ಬಂದಿದೆ. ಬೋರ್‌ವೆಲ್‌ನಿಂದ ನೇರ ಪೈಪಿಗೆ ಬಿಡುವ ನೀರು ಮೇಲಿನ ಕೇರಿಗೆ ಸರಿಯಾಗಿ ಏರುವುದಿಲ್ಲ. ಅಲ್ಲಿನ ಹೆಂಗಸರು ಕೊಡ ಹೊತ್ತು ಕೆಳಗಿಳಿಯುವಾಗ, “ನೀರು ನಿಲ್ಲಿಸಿದ ಪೇಪರಿನವರು” ಎಂದು ನಮ್ಮನ್ನು ಬೈಯುತ್ತಾರೆ. ಬೈಸಿಕೊಳ್ಳುತ್ತೇವೆ. ಹೊಸ ಟ್ಯಾಂಕಿನ ಕಡತ ಎಲ್ಲಿಗೆ ಬಂತೆಂದು ಪ್ರತಿ ತಿಂಗಳು ಹೋಗಿ ಕೇಳುವುದೂ ಈಗ ನಮ್ಮದೇ ಕೆಲಸ.

ನಿಮ್ಮೂರಿನ ಟ್ಯಾಂಕನ್ನೋ ಶಾಲೆಯನ್ನೋ ಸೇತುವೆಯನ್ನೋ ಒಮ್ಮೆ ನೋಡಿ. ಕಂದು ನೀರಿನ ಕಲೆ, ಸರಳಿನ ಗುಂಟ ಬಿರುಕು, ತಟ್ಟಿದರೆ ಟೊಳ್ಳು ಸದ್ದು ಇದ್ದರೆ, ಸಿಮೆಂಟ್ ಮೆತ್ತುವ ಮೊದಲು ಪರೀಕ್ಷೆ ಮಾಡಿಸಿ ಎಂದು ಗ್ರಾಮಸಭೆಯಲ್ಲಿ ಕೇಳಿ. ವರದಿಯ ಪ್ರತಿಯನ್ನೂ ಕೇಳಿ ಪಡೆಯಿರಿ.

ನೀಲಿ ಕಂಬಗಳ ಆ ಫೋಟೊ ಇನ್ನೂ ನಮ್ಮ ಫೋನಿನಲ್ಲಿದೆ. ಅಳಿಸಿಲ್ಲ. ‘ದುರಸ್ತಿ’ ಎಂಬ ಪದ ಬರೆಯುವ ಮೊದಲು ಒಮ್ಮೆ ತೆಗೆದು ನೋಡುತ್ತೇವೆ.