ಬೀಜದ ಜೋಳ

ಸಿಂಧನೂರಿನಲ್ಲಿ ಬೇಸಿಗೆಯ ರಾತ್ರಿ ಕರೆಂಟು ಹೋದರೆ ಫ್ಯಾನಿನ ಜೊತೆಗೆ ನಿದ್ದೆಯೂ ಹೋಗುತ್ತದೆ. ಅದಕ್ಕೇ ನಮ್ಮ ಓಣಿಯ ಬಹಳ ಮನೆಗಳಿಗೆ ಇನ್ವರ್ಟರ್ ಬಂದಿದೆ. ಕೊಂಡು ತಂದವರು ಗಂಡಸರು; ಅದರ ಜೊತೆ ದಿನವೆಲ್ಲ ಮನೆಯಲ್ಲಿರುವವರು ನಾವು. ಆದರೂ ಅದರ ಮಾತು ಬಂದರೆ "ನಮಗೇನು ತಿಳೀತದ" ಎಂದು ಸುಮ್ಮನಾಗುತ್ತೇವೆ. ಕಾಳು-ಕಡಿಯ ಲೆಕ್ಕ ಇಡುವವರಿಗೆ ಬ್ಯಾಟರಿಯ ಲೆಕ್ಕವೇನೂ ಕಷ್ಟದ್ದಲ್ಲ. ಅದೊಂದು ಕಣಜ. ತುಂಬಿದಷ್ಟನ್ನೇ, ಅದಕ್ಕೂ ಸ್ವಲ್ಪ ಕಡಿಮೆಯನ್ನೇ, ತಿರುಗಿ ಕೊಡುತ್ತದೆ.

ನಾನು ಇದನ್ನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ತವರು ಮಸ್ಕಿಯ ಹತ್ತಿರದ ಒಂದು ಹಳ್ಳಿ. 1988ರ ಬೇಸಿಗೆಯಲ್ಲಿ ನಮ್ಮ ಮನೆಗೆ ಒಂದು ಸಣ್ಣ ಕಪ್ಪು-ಬಿಳುಪು ಟಿ.ವಿ. ಬಂತು. ಭಾನುವಾರ ಮುಂಜಾನೆ ರಾಮಾಯಣ ಬರುವ ಹೊತ್ತಿಗೆ ಕರೆಂಟು ಇರುತ್ತಿರಲಿಲ್ಲ. ಅಣ್ಣ ಟ್ರ್ಯಾಕ್ಟರಿನ ಬ್ಯಾಟರಿಯಿಂದ ವಯರು ಎಳೆದ. ಊರಿಗೆ ಊರೇ ಅಂಗಳದಲ್ಲಿ ಕೂತಿತು. ರಾಮಾಯಣದ ಹಿಂದೆ ಸಂಜೆಯ ಸಿನಿಮಾ ಬಂತು, ಅದರ ಹಿಂದೆ ದಿನದಿನದ ವಾರ್ತೆ ಬಂತು. ಸುಗ್ಗಿ ಮುಗಿದು ಟ್ರ್ಯಾಕ್ಟರು ನಿಂತಲ್ಲೇ ನಿಂತಿತ್ತು. ಎಂಜಿನ್ ತಿರುಗಿದರೆ ತಾನೇ ಡೈನಮೋ ಬ್ಯಾಟರಿಯನ್ನು ತುಂಬುವುದು? ಹೊರಗೆ ತೆಗೆಯುವುದು ನಡೆದೇ ಇತ್ತು, ಒಳಗೆ ಹಾಕುವುದು ನಿಂತಿತ್ತು.

ಅಂಥದೊಂದು ರಾತ್ರಿ ಅತ್ತಿಗೆಗೆ ಹೆರಿಗೆಯ ನೋವು ಶುರುವಾಯಿತು. ಸೂಲಗಿತ್ತಿ ನೋಡಿ, "ನನ್ನ ಕೈಲಿ ಆಗಂಗಿಲ್ಲ, ದವಾಖಾನಿಗೆ ಒಯ್ಯಿರಿ" ಎಂದಳು. ಟ್ರಾಲಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಕಿ ಮಲಗಿಸಿದರು. ಅಣ್ಣ ಚಾವಿ ತಿರುಗಿಸಿದರೆ ಟಕ್ ಎಂದಷ್ಟೇ ಸದ್ದು. ಟ್ರಾಲಿ ಬಿಚ್ಚಿ, ಓಣಿಯವರನ್ನೆಲ್ಲ ಎಬ್ಬಿಸಿ, ಟ್ರ್ಯಾಕ್ಟರನ್ನು ಇಳಿಜಾರಿಗೆ ತಳ್ಳಿ ಚಾಲೂ ಮಾಡುವಷ್ಟರಲ್ಲಿ ಒಂದು ತಾಸು ಹೋಯಿತು. ಮಸ್ಕಿ ಇನ್ನೂ ದೂರವಿರುವಾಗಲೇ ಮಗು ಹುಟ್ಟಿತು. ಅವ್ವ ತನ್ನ ಸೀರೆಯ ಸೆರಗಿನಲ್ಲೇ ಸುತ್ತಿಕೊಂಡಳು. ದೇವರ ದಯೆ, ತಾಯಿ-ಮಗು ಇಬ್ಬರೂ ಉಳಿದರು.

ಮರುವಾರ ಅವ್ವ ಟಿ.ವಿ.ಗೆಂದೇ ಇನ್ನೊಂದು ಬ್ಯಾಟರಿ ತರಿಸಿದಳು. ಅಪ್ಪ ರೊಕ್ಕದ ಮಾತು ತೆಗೆದಾಗ ಆಕೆ ಅಂದದ್ದು ಇಷ್ಟೇ: "ಉಣ್ಣೂ ಜ್ವಾಳ ತೀರೇತಂತ ಬೀಜದ ಜ್ವಾಳ ಬೀಸ್ತೀವೇನ್ರಿ? ಅದು ಬ್ಯಾರೆ, ಇದು ಬ್ಯಾರೆ."

ಅವ್ವ ಮೋಟರ್ ಬೋಟು ಕಂಡವಳಲ್ಲ. ಆದರೆ ಬೋಟಿನಲ್ಲೂ ಇದೇ ಕಟ್ಟಳೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ತುಂಬಿ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿದಾಗ, ನಡುಗಡ್ಡೆಯ ಜನರ ಸುದ್ದಿ ಓದುತ್ತ ಬೋಟಿನ ವಿಚಾರ ನನ್ನ ತಲೆಯಲ್ಲಿ ಹೊಕ್ಕಿತು. ನಮಗೆ ಬ್ಯಾಟರಿ ಕೊಟ್ಟ ಮೆಕ್ಯಾನಿಕ್ಕನನ್ನು ಕೇಳಿದೆ. "ಸಣ್ಣ ಬೋಟನ್ನ ಹಗ್ಗ ಜಗ್ಗಿ ಚಾಲೂ ಮಾಡಬಹುದ್ರಿ ಅಕ್ಕಾರ. ದೊಡ್ಡದಕ್ಕ ಎರಡು ಬ್ಯಾಟರಿ ಇಡ್ತಾರ" ಎಂದ. ಒಂದು ಎಂಜಿನ್ ಎಬ್ಬಿಸುವುದಕ್ಕೆ ಮಾತ್ರ. ಇನ್ನೊಂದು ದೀಪ, ವಯರ್‌ಲೆಸ್, ನೀರು ಹೊರಹಾಕುವ ಪಂಪಿಗೆ. ಎಂಜಿನ್ ಓಡುವಾಗ ಎರಡೂ ತುಂಬಿಕೊಳ್ಳುತ್ತವೆ. ನಿಂತಾಗ ಒಂದರ ಕರೆಂಟನ್ನು ಇನ್ನೊಂದು ಎಳೆದುಕೊಳ್ಳದಂತೆ ನಡುವೆ ಒಂದು ಸ್ವಿಚ್ಚಿರುತ್ತದೆ. ಟ್ರ್ಯಾಕ್ಟರನ್ನು ಹತ್ತು ಜನ ತಳ್ಳಬಹುದು. ನಡುಹೊಳೆಯಲ್ಲಿ ಬೋಟನ್ನು ತಳ್ಳುವವರು ಯಾರು?

ಮನೆಯ ಇನ್ವರ್ಟರಿಗೆ ಒಂದೇ ಬ್ಯಾಟರಿ, ಆದ್ದರಿಂದ ಲೆಕ್ಕ ನಮ್ಮ ಕೈಯಲ್ಲೇ ಇರಬೇಕು. 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯೆಂದರೆ 1800 ವ್ಯಾಟ್-ತಾಸಿನ ಕಣಜ. ಎರಡು ಫ್ಯಾನು, ಮೂರು ಎಲ್‌ಇಡಿ ಬಲ್ಬಿಗೆ ಸುಮಾರು 180 ವ್ಯಾಟ್ ಬೇಕು. ಭಾಗಿಸಿದರೆ ಹತ್ತು ತಾಸು ಬರುತ್ತದೆ. ಆದರೆ ಅರ್ಧಕ್ಕೇ ಕೈ ಹಿಡಿಯುವುದು ಒಳ್ಳೆಯದು. ತಳ ಕೆರೆದು ಮತ್ತೆ ಮತ್ತೆ ಬರಿದು ಮಾಡಿದರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಬಿಳಿಯ ಗಟ್ಟಿ ಪದರ ಕೂತು ಬ್ಯಾಟರಿ ಬೇಗ ಸಾಯುತ್ತದೆ.

ನೀರಿನ ವಿಷಯವೂ ಹಾಗೆಯೇ. ಚಾರ್ಜ್ ಆಗುವಾಗ ಒಳಗಿನ ನೀರು ಒಡೆದು ಜಲಜನಕ, ಆಮ್ಲಜನಕವಾಗಿ ಹೋಗುತ್ತದೆ, ಆಸಿಡ್ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಾಗ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಕಡೆಯ ಉಪ್ಪುಪ್ಪು ಬೋರಿನ ನೀರು ಅದಕ್ಕೆ ವಿಷ. ಜಲಜನಕ ಕಿಡಿ ತಾಗಿದರೆ ಸಿಡಿಯುವ ಗಾಳಿ. ಜಗಲಿಯ ಮೇಲೆ ದೇವರು, ಕೆಳಗೆ ಬ್ಯಾಟರಿ ಇಟ್ಟ ಮನೆಗಳನ್ನು ನೋಡಿದ್ದೇನೆ. ದೀಪ ಹಚ್ಚುವ ಕೈ ನಮ್ಮದೇ ಎಂಬುದು ನೆನಪಿರಲಿ. ಗಾಳಿಯಾಡುವ ಬೇರೆ ಜಾಗಕ್ಕೆ ಬ್ಯಾಟರಿಯನ್ನು ಸರಿಸಿದರಾಯಿತು, ದೇವರೇನೂ ಕೋಪಿಸಿಕೊಳ್ಳುವುದಿಲ್ಲ. ಆಸಿಡ್ ಕಣ್ಣಿಗೆ ಸಿಡಿದರೆ ಕೂಡಲೇ ಬಹಳ ಹೊತ್ತು ಶುದ್ಧ ನೀರು ಹೊಯ್ಯುತ್ತಲೇ ಇದ್ದು, ಆಮೇಲೆ ಡಾಕ್ಟರ ಬಳಿ ಓಡಬೇಕು.

ನಮ್ಮ ಮನೆಯಲ್ಲಿ ಟಿ.ವಿ.ಯ ಪ್ಲಗ್ಗನ್ನು ಇನ್ವರ್ಟರಿನ ಲೈನಿಗೆ ಕೊಡಿಸಿಲ್ಲ. ಕರೆಂಟು ಹೋದಾಗ ಮಕ್ಕಳು ಗೊಣಗುತ್ತಾರೆ. ಓದುವ ದೀಪಕ್ಕೆ, ವಯಸ್ಸಾದ ಅತ್ತೆಯವರ ಫ್ಯಾನಿಗೆ, ಅಪರಾತ್ರಿ ಏನಾದರೂ ಬಂದರೆ ಅದಕ್ಕೆ ಎಂದು ಉಳಿಸಿಡುವುದು ನನ್ನ ಕಟ್ಟಳೆ. ಅವರು ಗೊಣಗಲಿ.