ತೆಸ್ಕೋಕೊದ ಬೋಣಿ

ನನ್ನ ಕತೆಗಳಲ್ಲಿ ಅಬ್ಬಾ ಕೇಳಿದ್ದು ಒಂದೇ ಒಂದು. ಅವರಿಗೆ ಕನ್ನಡ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವ ಮುದುಕನ ಕತೆ ಅದು. ಮುದುಕ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಕೊನೆಯಲ್ಲಿ ತೆರವು ಮಾಡಿಸುವವರು ಬಂದು ಗಾಡಿ ಎತ್ತಿಕೊಂಡು ಹೋಗುತ್ತಾರೆ, ಮುದುಕ ರಸ್ತೆಯಂಚಿನಲ್ಲಿ ಕೂತು ಅಳುತ್ತಾನೆ. ತಂಗಿ ಓದಿ ಮುಗಿಸಿದ ಮೇಲೆ ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವತ್ತು ನಾನು ಅಳ್ತಾ ಇರಲಿಲ್ಲ ಬೇಟಾ, ಲೆಕ್ಕ ಹಾಕ್ತಾ ಇದ್ದೆ” ಎಂದರು. ಎಷ್ಟು ಡಜನ್ ಹೋಯಿತು, ಮಂಡಿಯವರಿಗೆ ಎಷ್ಟು ಬಾಕಿ, ಗಾಡಿ ಬಿಡಿಸಲು ಎಷ್ಟು, ಅಲ್ಲಿಯವರೆಗೆ ಬಾಡಿಗೆ ಗಾಡಿಗೆ ಎಷ್ಟು. ಓದುಗರು ಮೆಚ್ಚಿದ್ದ ಆ ಕತೆಯನ್ನು ನಾನು ಯಾವ ಸಂಕಲನಕ್ಕೂ ಸೇರಿಸಲಿಲ್ಲ.

ಆ ಮಾತು ಮತ್ತೆ ನೆನಪಾದದ್ದು ಅಬ್ಬಾ ಹೆಸರನ್ನೂ ಕೇಳಿರದ ಒಂದು ಊರಿನಲ್ಲಿ. ನನ್ನ ತಮ್ಮ ಕೃಷಿ ವಿಜ್ಞಾನಿ. ಮೆಕ್ಕೆಜೋಳ ಮತ್ತು ಗೋಧಿಯ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರವಾದ ಸಿಮಿಟ್ ಇರುವುದು ಮೆಕ್ಸಿಕೊದ ತೆಸ್ಕೋಕೊ ಪಟ್ಟಣದ ಬಳಿ. ಅಲ್ಲಿಗೆ ಕೆಲಸದ ಮೇಲೆ ಹೋಗಿದ್ದ ಅವನು ಕರೆಸಿಕೊಂಡಿದ್ದರಿಂದ 2024ರ ಜನವರಿಯಲ್ಲಿ ನಾನು ಆ ಊರು ಸೇರಿದೆ. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ಊರು. ಬೆಳಗಿನ ಚಳಿಗೆ ಹಲ್ಲು ಕಡಿಯುತ್ತಿದ್ದವು. ಫಜರ್ ನಮಾಜಿನ ನಂತರ ನಿದ್ದೆ ಹತ್ತದೆ ಬೀದಿಗಿಳಿದರೆ ಮೂಲೆಯಲ್ಲಿ ಹಬೆ ಏಳುತ್ತಿತ್ತು.

ಮೂರು ಗಾಲಿಯ ಸೈಕಲ್ಲಿನ ಮೇಲೆ ನಮ್ಮ ಇಡ್ಲಿ ಪಾತ್ರೆಯ ದೊಡ್ಡಣ್ಣನಂಥ ಒಂದು ಅಲ್ಯುಮಿನಿಯಂ ಪಾತ್ರೆ, ಅದಕ್ಕೆ ಸುತ್ತಿದ ಕಂಬಳಿ, ಹಿಂದೆ ಐವತ್ತು ದಾಟಿದ ಒಬ್ಬಾಕೆ. ಎಲ್ಲರೂ ಆಕೆಯನ್ನು ‘ದೋನ್ಯಾ’ ಎನ್ನುತ್ತಿದ್ದರು, ನಾವು ಹಿರಿಯ ಹೆಂಗಸರಿಗೆ ‘ಅಮ್ಮಾವ್ರೇ’ ಎನ್ನುವ ಹಾಗೆ. ಮಾರುತ್ತಿದ್ದದ್ದು ತಮಾಲು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ಅರೆದು, ಆ ಹಿಟ್ಟಿನೊಳಗೆ ಮಾಂಸವನ್ನೋ ಮೆಣಸಿನಕಾಯಿಯನ್ನೋ ಇಟ್ಟು, ತೆನೆಯ ಒಣ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು. ಎಲೆ ಅಡಿಕೆಗೆ ನಾವು ಹಚ್ಚಿಕೊಳ್ಳುವ ಸುಣ್ಣವೇ. ಈ ಸುಣ್ಣದ ಗುಟ್ಟನ್ನು ಕಲಿಯದೆ ಜೋಳವನ್ನಷ್ಟೇ ಒಯ್ದ ಯುರೋಪಿನಲ್ಲಿ ಅದನ್ನೇ ನಂಬಿ ಬದುಕಿದ ಬಡವರಿಗೆ ಪೆಲಾಗ್ರ ರೋಗ ಬಂತು ಎಂದು ತಮ್ಮ ಹೇಳಿದ. ಜೊತೆಗೆ ‘ಅತೋಲೆ’ ಎಂಬ ಪಾನೀಯ. ಅದೇ ಜೋಳದ ಹಿಟ್ಟು, ಸಿಹಿ, ದಾಲ್ಚಿನ್ನಿ. ಗುಟುಕರಿಸಿದರೆ ರಾಗಿ ಅಂಬಲಿಯ ದೂರದ ನೆಂಟ. ಕಟ್ಟಡ ಕೆಲಸಕ್ಕೆ ಹೊರಟವರು ತಮಾಲನ್ನು ಬನ್ನಿನೊಳಗೆ ತುರುಕಿಸಿಕೊಂಡು ತಿನ್ನುತ್ತಿದ್ದರು. ಹಿಟ್ಟಿನೊಳಗೆ ಹಿಟ್ಟು, ಮಧ್ಯಾಹ್ನದವರೆಗೆ ಹೊಟ್ಟೆ ಕೇಳುವುದಿಲ್ಲ.

ನಾನು ಮಾತ್ರ ತಿನ್ನುವಂತಿರಲಿಲ್ಲ. ತಮಾಲಿನ ಹಿಟ್ಟಿಗೆ ಹಂದಿಯ ಕೊಬ್ಬು ಹಾಕಿ ನಾದುತ್ತಾರೆ. ದಿನವೂ ಒಂದು ಲೋಟ ಅತೋಲೆ ಕುಡಿದು ಹಣ ಕೊಟ್ಟು ನಿಲ್ಲುತ್ತಿದ್ದೆ.

ಮೊದಲ ದಿನವೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಮೊದಲ ಗಿರಾಕಿಯ ನಾಣ್ಯ ಕೈಗೆ ಬಂದೊಡನೆ ಆಕೆ ಅದನ್ನು ಹಿಡಿದು ಹಣೆ, ಎದೆ, ಭುಜಗಳಿಗೆ ಮುಟ್ಟಿಸಿ ಶಿಲುಬೆಯ ಗುರುತು ಮಾಡಿಕೊಂಡಳು. ಬೋಣಿ! ನನ್ನ ಬಾಯಿಂದ ಜೋರಾಗಿಯೇ ಬಂತು. ಮನೆಯ ಉರ್ದುವಿನಲ್ಲೂ ಪೇಟೆಯ ಕನ್ನಡದಲ್ಲೂ ನಮಗೆ ಇದ್ದದ್ದು ಅದೊಂದೇ ಪದ. ಅಬ್ಬಾ ಮೊದಲ ನೋಟನ್ನು ಕಣ್ಣಿಗೊತ್ತಿಕೊಂಡು ಬಿಸ್ಮಿಲ್ಲಾ ಎನ್ನುತ್ತಿದ್ದರು, ಪಕ್ಕದ ಹೂವಿನ ಗೌರಮ್ಮ ನೋಟನ್ನು ಬುಟ್ಟಿಗೆ ಮುಟ್ಟಿಸುತ್ತಿದ್ದರು. ಇನ್ನೊಂದು ಸೋಜಿಗ ಕೇಳಿ. ಅಲ್ಲಿನ ಸಂತೆಯಲ್ಲಿ ಮಾರುವವರು ಕೊಳ್ಳುವವರನ್ನು ‘ಮಾರ್ಚಾಂತೆ’ ಎನ್ನುತ್ತಾರೆ, ಕೊಳ್ಳುವವರು ಮಾರುವವರನ್ನೂ ಹಾಗೆಯೇ ಕರೆಯುತ್ತಾರೆ. ತೂಕ ಮುಗಿದ ಮೇಲೆ ಹಾಕುವ ಹಿಡಿಯಷ್ಟು ಹೆಚ್ಚಿಗೆ ‘ಪಿಲೋನ್’. ನಮ್ಮ ಕೊಸರು.

ಹತ್ತು ದಿನ ಕಳೆದ ಮೇಲೆ ತಮ್ಮನ ಸ್ಪ್ಯಾನಿಷ್ ನೆರವಿನಿಂದ ಆಕೆಯ ಲೆಕ್ಕ ಕೇಳಿದೆ. ಹೀಗೆ ಕೇಳುವುದು ಮರ್ಯಾದೆಯಲ್ಲ ಎಂದು ಅವನು ಗೊಣಗಿದ. ಆಕೆಗೇನೂ ಅನ್ನಿಸಲಿಲ್ಲ, ಬೆರಳು ಮಡಚಿ ಹೇಳತೊಡಗಿದಳು. ಮಧ್ಯಾಹ್ನ ಗಿರಣಿಯಿಂದ ಹಿಟ್ಟು ತರುವುದು, ಸಿಪ್ಪೆ ನೆನೆಹಾಕುವುದು, ಸಂಜೆ ಮಗಳೊಂದಿಗೆ ಕೂತು ಸುತ್ತುವುದು, ರಾತ್ರಿ ಮೂರಕ್ಕೆ ಎದ್ದು ಒಲೆ ಹಚ್ಚುವುದು, ಆರಕ್ಕೆ ಮೂಲೆಯಲ್ಲಿರುವುದು. ದಿನಕ್ಕೆ 150 ತಮಾಲು, ಒಂದಕ್ಕೆ 18 ಪೆಸೊ. ಆಗ ಒಂದು ಪೆಸೊ ನಮ್ಮ ಐದು ರೂಪಾಯಿಯ ಹತ್ತಿರ ಇತ್ತು. ಎಲ್ಲ ಮಾರಿದರೆ 2,700. ಹಿಟ್ಟು, ಕೊಬ್ಬು, ಮಾಂಸ, ಗ್ಯಾಸು, ಸೈಕಲ್ಲಿನ ಬಾಡಿಗೆ, ಜೊತೆಗೆ ‘ಪಿಸೊ’ ಕಳೆದರೆ ಉಳಿಯುವುದು 550ರ ಆಸುಪಾಸು. ಅದೂ ಇಬ್ಬರ ದುಡಿಮೆಗೆ. ಆ ವರ್ಷ ಮೆಕ್ಸಿಕೊದ ಬಹುಭಾಗದಲ್ಲಿ ಕನಿಷ್ಠ ದಿನಗೂಲಿ 248.93 ಪೆಸೊ ಇತ್ತು. ಎರಡು ಕೂಲಿಗಿಂತ ತುಸು ಹೆಚ್ಚು ಎನ್ನಿ. ಆದರೆ ಮೂವತ್ತು ತಮಾಲು ಮಾರದೆ ಉಳಿದರೆ ಲಾಭವೆಲ್ಲ ಪಾತ್ರೆಯ ತಳದಲ್ಲೇ. ಜ್ವರ ಬಂದರೆ ರಜೆಯಿಲ್ಲ, ಮುಪ್ಪಿಗೆ ಪಿಂಚಣಿ ಕಟ್ಟುವ ಮಾಲೀಕನಿಲ್ಲ. ಆ ದೇಶದ ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಬದುಕು ಇಂಥ ಅನೌಪಚಾರಿಕ ಕೆಲಸದಲ್ಲೇ ಸಾಗುತ್ತದೆ.

ಪಿಸೊ ಎಂದರೆ ನೆಲ. ಕಾಲೂರಿದ ಜಾಗಕ್ಕೆ ಕೊಡುವ ಹಣ. ನಮ್ಮ ಸಂತೆಯ ಜಕಾತಿ ಎನ್ನಬಹುದು. ಕೆಲವು ಊರುಗಳಲ್ಲಿ ಸುಲಿಗೆ ಮಾಡುವ ಗುಂಪುಗಳೂ ತಮ್ಮ ವಸೂಲಿಯನ್ನು ಇದೇ ಹೆಸರಿನಿಂದ ಕರೆಯುತ್ತವೆ. ಆಕೆ ಇದನ್ನು ಹೇಳುವಾಗ ದನಿ ತಗ್ಗಿಸಿದಳು. ಮಾಂಸ, ಗ್ಯಾಸುಗಳ ದರ ಹೇಳುವಾಗ ತಗ್ಗಿಸಿರಲಿಲ್ಲ.

ಹಾಗೆ ನೋಡಿದರೆ ಈ ನೆಲದಲ್ಲಿ ಸಂತೆ ಹೊಸದಲ್ಲ. ಬೀದಿ ಸಂತೆಗೆ ಅವರು ಬಳಸುವ ‘ತಿಯಾಂಗಿಸ್’ ಎಂಬ ಪದ ಸ್ಪೇನಿನವರು ಬರುವ ಮೊದಲಿನ ನಹುವಾತ್ಲ್ ಭಾಷೆಯದು. ತ್ಲಾತೆಲೋಲ್ಕೊ ಸಂತೆಯಲ್ಲಿ ದಿನಕ್ಕೆ 60,000 ಜನ ಸೇರುತ್ತಾರೆಂದು, ತಕರಾರು ತೀರಿಸಲು ಅಲ್ಲೇ ನ್ಯಾಯಾಧೀಶರು ಕೂತಿರುತ್ತಾರೆಂದು ಎರ್ನಾನ್ ಕೋರ್ತೆಸ್ 1520ರಲ್ಲಿ ತನ್ನ ದೊರೆಗೆ ಬೆರಗಿನಿಂದ ಬರೆದ. ಮರುವರ್ಷ ಆ ನಗರವನ್ನು ಹಾಳುಗೆಡವಿದವನೂ ಅವನೇ.

ತೆಸ್ಕೋಕೊದಲ್ಲಿ ಬೆಲಿಸಾರಿಯೊ ದೊಮಿಂಗೆಸ್ ಎಂಬ ಮಾರುಕಟ್ಟೆ ಇದೆ. 2006ರ ಮೇ 3ರಂದು ಅದರ ಬಳಿ ಹೂವು ಮಾರಲು ಬಂದವರನ್ನು ಪೊಲೀಸರು ತಡೆದರು. ಮೇ 3 ಅಲ್ಲಿ ಶಿಲುಬೆಯ ಹಬ್ಬ. ಗಾರೆಯವರು ತಾವು ಕಟ್ಟುತ್ತಿರುವ ಕಟ್ಟಡಗಳ ಮೇಲೆ ಹೂವು ಮುಡಿಸಿದ ಶಿಲುಬೆ ನಿಲ್ಲಿಸುವ ದಿನ. ಹೂವಿನವರು ಆ ದಿನ ಬೀದಿಗೆ ಬರದೆ ಇನ್ನಾವಾಗ ಬರಬೇಕು? ನೆರೆಯ ಸಾನ್ ಸಾಲ್ವದೋರ್ ಅತೆಂಕೊದ ರೈತರು ಅವರ ಬೆನ್ನಿಗೆ ನಿಂತರು. ಇವರು ತಮ್ಮ ಹೊಲಗಳ ಮೇಲೆ ಬರಲಿದ್ದ ವಿಮಾನ ನಿಲ್ದಾಣವನ್ನು 2002ರಲ್ಲಿ ಹೋರಾಡಿ ನಿಲ್ಲಿಸಿದ್ದವರು. ಆ ದಿನ ಮತ್ತು ಮರುದಿನದ ಪೊಲೀಸ್ ಕಾರ್ಯಾಚರಣೆ ಇಬ್ಬರು ಎಳೆಯರ ಪ್ರಾಣ ತೆಗೆಯಿತು, ಒಬ್ಬನ ವಯಸ್ಸು 14. ಇನ್ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಬಂಧಿತ ಹೆಂಗಸರ ಮೇಲೆ ಪೊಲೀಸರು ಎಸಗಿದ ಲೈಂಗಿಕ ಹಿಂಸೆಗೆ ಮೆಕ್ಸಿಕೊ ಸರ್ಕಾರವೇ ಹೊಣೆ ಎಂದು ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿತು. ದೂರು ಒಯ್ದಿದ್ದ 11 ಮಹಿಳೆಯರು ಅದಕ್ಕಾಗಿ 2018ರವರೆಗೆ ಕಾದರು.

ದೋನ್ಯಾಳನ್ನು ಅದರ ಬಗ್ಗೆ ಕೇಳಿದೆ. “ಅವತ್ತು ನಾನು ಬಂದಿರಲಿಲ್ಲ” ಎಂದಷ್ಟೇ ಹೇಳಿ ಪಾತ್ರೆಯ ಮೇಲಿನ ಕಂಬಳಿ ಸರಿಪಡಿಸಿದಳು. ನಾನು ಮುಂದೆ ಕೇಳಲಿಲ್ಲ. ಹಿಂದೆ ಆಗಿದ್ದರೆ ಆ ಕಂಬಳಿಯನ್ನು ಹಿಡಿದು ಒಂದು ಕತೆ ಬರೆಯುತ್ತಿದ್ದೆನೇನೋ.

ಅದರ ಬದಲು ಆಕೆಯೇ ನನ್ನನ್ನು ಕೇಳಿದಳು. ದಿನಾ ಬರುತ್ತೀಯೆ, ಒಂದು ತಮಾಲೂ ತಿನ್ನುವುದಿಲ್ಲ, ನನ್ನದು ಚೆನ್ನಾಗಿಲ್ಲವೇ? ನಾನು ತಮ್ಮನ ಮುಖ ನೋಡಿದೆ. ಅವನು ಹಂದಿಯ ಕೊಬ್ಬಿನ ವಿಷಯ ಬಿಡಿಸಿ ಹೇಳಿದ. ಆಕೆ ಬಹಳ ಹೊತ್ತು ನನ್ನನ್ನೇ ದಿಟ್ಟಿಸಿ, “ಅದನ್ನು ಮೊದಲೇ ಹೇಳಬಾರದಿತ್ತೇ?” ಎಂದಳಂತೆ.

ಫೆಬ್ರವರಿ 2 ಅಲ್ಲಿ ಕಾಂದೆಲಾರಿಯ ಹಬ್ಬ, ತಮಾಲಿನ ದಿನ. ಜನವರಿ 6ರಂದು ಹಂಚಿಕೊಳ್ಳುವ ಸಿಹಿ ರೊಟ್ಟಿಯೊಳಗೆ ಪುಟ್ಟ ಗೊಂಬೆ ಅಡಗಿಸಿರುತ್ತಾರೆ. ಯಾರ ಪಾಲಿಗೆ ಗೊಂಬೆ ಬಂತೋ ಅವರು ಈ ದಿನ ಎಲ್ಲರಿಗೂ ತಮಾಲು ಕೊಡಿಸಬೇಕು. ತಾಯಿ, ಮಗಳು ಹಿಂದಿನ ರಾತ್ರಿ ಮಲಗಿಯೇ ಇರಲಿಲ್ಲ. ನಾನು ಆರಕ್ಕೆ ಮುಂಚೆಯೇ ಹೋದೆ, ಮೊದಲ ಗಿರಾಕಿ ನಾನೇ. ಆಕೆ ದೊಡ್ಡ ಪಾತ್ರೆಯನ್ನು ಮುಟ್ಟಲಿಲ್ಲ. ಸೈಕಲ್ಲಿನ ಕೆಳಗಿನಿಂದ ಬಟ್ಟೆ ಸುತ್ತಿದ ಚಿಕ್ಕ ಪಾತ್ರೆ ತೆಗೆದಳು. ಒಳಗೆ ಕೆಂಪು ದಾರ ಕಟ್ಟಿದ ನಾಲ್ಕು ತಮಾಲು. ಬೆಣ್ಣೆಯಲ್ಲಿ ನಾದಿದ ಹಿಟ್ಟು, ಒಳಗೆ ಹಸಿಮೆಣಸು ಮತ್ತು ಗಿಣ್ಣು, ಬೇರೆಯೇ ಒಲೆಯಲ್ಲಿ ಬೇಯಿಸಿದ್ದು ಎಂದು ಮಗಳು ಕೈಸನ್ನೆಯಲ್ಲಿ ವಿವರಿಸಿದಳು.

ನಾನು 72 ಪೆಸೊ ಎಣಿಸಿ ಕೊಟ್ಟೆ. ಆಕೆ ತಲೆ ಅಲ್ಲಾಡಿಸಿ ಎರಡು ಬೆರಳು ತೋರಿಸಿದಳು. ಒಂದಕ್ಕೆ ಎರಡು ಪೆಸೊ ಹೆಚ್ಚು, ಬೆಣ್ಣೆ ದುಬಾರಿ. ಎಂಟು ಪೆಸೊ ಸೇರಿಸಿ ಕೊಟ್ಟೆ. ಆ ನಾಣ್ಯಗಳನ್ನು ಹಿಡಿದು ಶಿಲುಬೆಯ ಗುರುತು ಮಾಡಿಕೊಂಡು ಏಪ್ರನ್ನಿನ ಜೇಬಿಗೆ ಹಾಕಿದಳು. ಅತೋಲೆ ಕೊಂಡು ಕುಡಿಯುತ್ತಾ ನಿಂತಿದ್ದಾಗ ಲೋಟ ಚಾಚು ಎಂದು ಸನ್ನೆ ಮಾಡಿ ಅರ್ಧ ಸೌಟು ಕೊಸರು ಸುರಿದಳು.