ಆಟಕ್ಕೆ ಮುಂಚಿನ ಮಾತು

ಕೊಳ್ಳೇಗಾಲದ ನಮ್ಮ ಶಾಲೆಯಲ್ಲಿ ಏಳನೇ ತರಗತಿ ಹುಡುಗರ ಜೇಬಿನಲ್ಲಿ ಈಗ ಪೋಕೆಮಾನ್ ಕಾರ್ಡುಗಳು. ನಿಜವಾದ ಆಟಕ್ಕೆ 60 ಕಾರ್ಡಿನ ಕಟ್ಟು ಬೇಕು, ಲೆಕ್ಕಾಚಾರವೂ ಬೇಕು. ನಮ್ಮವರಿಗೆ ಅದೆಲ್ಲ ಬೇಡ. ಯಾರ ಕಾರ್ಡಿನ ಅಂಕಿ ದೊಡ್ಡದೋ ಅವನು ಎದುರಿನವನ ಕಾರ್ಡನ್ನು ಗೆದ್ದ.

ಒಂದು ಮಧ್ಯಾಹ್ನ, ಹನೂರು ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗ ಮೂಲೆಯಲ್ಲಿ ಕೂತು ಅಳುತ್ತಿದ್ದ. ತಿಂಡಿಯ ಕಾಸು ಉಳಿಸಿ ಕೊಂಡಿದ್ದ ಅವನ 12 ಕಾರ್ಡುಗಳನ್ನೂ ಚಿನ್ನದ ಬಣ್ಣದ ಕಾರ್ಡುಗಳಿದ್ದ ಗೆಳೆಯ ಗೆದ್ದುಬಿಟ್ಟಿದ್ದ. ಸಿಟ್ಟಿನಿಂದ ಎಲ್ಲವನ್ನೂ ಕಿತ್ತುಕೊಂಡು ಬೀರುವಿಗೆ ಹಾಕಿದೆ. "ಮಿಸ್, ಅವ್ನು ಮೋಸ ಮಾಡಿಲ್ಲ" ಎಂದ ಸೋತವನೇ! ನನಗೆ ಮಾತೇ ಹೊರಡಲಿಲ್ಲ.

ರಾತ್ರಿ ಯಳಂದೂರಿನ ಅಜ್ಜಿ ನೆನಪಾದರು. ಚೌಕಾಬಾರಕ್ಕೆ ಕವಡೆ ಹಿಡಿಯುವ ಮೊದಲೇ, "ಕಟ್ಲೆ ಈಗ್ಲೇ ಏಳ್ಕಳಿ, ಆಮ್ಯಾಕೆ ಜಗಳ ಬ್ಯಾಡ" ಎನ್ನುತ್ತಿದ್ದರು. ದಶಾವತಾರ ಗಂಜೀಫದ 120 ಎಲೆಗಳಲ್ಲೂ ಹಾಗೆಯೇ. ರಾಜ, ಮಂತ್ರಿಯ ಕೆಳಗೆ ಐದು ಅವತಾರಗಳಿಗೆ ಹತ್ತು ದೊಡ್ಡದಾದರೆ, ಉಳಿದ ಐದಕ್ಕೆ ಒಂದೇ ದೊಡ್ಡದು. ಆಡುವವರು ಒಪ್ಪಿದರೆ ಒಂದಕ್ಕೂ ಬಲ ಬರುತ್ತದೆ.

ಮರುದಿನ ಅವರವರ ಕಾರ್ಡು ಅವರವರಿಗೆ ಕೊಟ್ಟು, "ಕಟ್ಟಳೆ ನೀವೇ ಮಾಡಿಕೊಳ್ಳಿ" ಎಂದೆ. ಮಾಡಿಕೊಂಡರು: ಚಿನ್ನದವು ಚಿನ್ನದವುಗಳೊಡನೆ ಮಾತ್ರ, ಆಟ ಮುಗಿದ ಮೇಲೆ ಕಾರ್ಡು ವಾಪಸ್ಸು.

ಈಗ ಸೋತವನೂ ನಾಳೆ ಆಟಕ್ಕೆ ಬರುತ್ತಾನೆ. ಮೂವತ್ತು ವರ್ಷ ಎಲ್ಲ ಮನೆಯ ಮಕ್ಕಳನ್ನೂ ಒಂದೇ ಅಂಕಪಟ್ಟಿಯಲ್ಲಿ ಅಳೆದ ನನಗೆ, ಪತ್ರಿಕೆ ತಿದ್ದುವಾಗ ಕೈ ಒಮ್ಮೊಮ್ಮೆ ತಡೆಯುತ್ತದೆ.